ನೀನು ಸೇರುವ ಕಾಲೇಜನ್ನು ಜಗಳ ಮಾಡಿ ತಂದ ರೈತ

ತಮ್ಮಾ, ಅಕ್ಕ ಅಂತ ಕರೆದಿದ್ದೀಯಲ್ಲ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ. ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಮುಗಿಸಿ ಅಮೆರಿಕದ ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂಎಸ್‌ಗೆ ಸೀಟು ಹಿಡಿದಿದ್ದೀಯ. ಆಗಸ್ಟ್‌ಗೆ ಇಲ್ಲಿನ ರಾಜಧಾನಿ ರಾಲಿಗೆ ಬರುತ್ತೀಯ. ಕೇಳಿ ತುಂಬ ಖುಷಿಯಾಯಿತು. ಮನೆ, ಊಟ, ಓಡಾಟ, ದುಡ್ಡು ಎಲ್ಲ ಕೇಳಿ ಕೊನೆಗೆ ಒಂದು ಮಾತು ಸೇರಿಸಿದ್ದೀಯ: "ನಮ್ಮದು ಹಾವೇರಿ ಹತ್ತಿರ ಹತ್ತಿ, ಗೋವಿನಜೋಳ ಬೆಳೆಯೋ ಮನೆ. ಜೊತೆಗೆ ಬರೋರೆಲ್ಲ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು. ಅಲ್ಲಿ ಹಳ್ಳಿಯವನು ಅಂತ ಕೀಳಾಗಿ ನೋಡ್ತಾರಾ? ಅಪ್ಪ ರೈತ ಅಂತ ಹೇಳ್ಕೋಬಹುದಾ?"

ಮೊದಲಿನ ಪ್ರಶ್ನೆಗಳನ್ನು ಬೇಗ ಮುಗಿಸುತ್ತೇನೆ. ಅವಕ್ಕೆ ಸೀನಿಯರ್ ಹುಡುಗರು ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ.

ನಮ್ಮ ಹುಡುಗರು ಜಾಸ್ತಿ ಇರುವುದು ಕ್ಯಾಂಪಸ್ ಪಕ್ಕದ ಏವೆಂಟ್ ಫೆರಿ ರಸ್ತೆ, ಗಾರ್ಮನ್ ಬೀದಿ ಕಡೆ. ಅಲ್ಲಿಂದ ಯೂನಿವರ್ಸಿಟಿಯ ವುಲ್ಫ್‌ಲೈನ್ ಬಸ್ಸು ಸಿಗುತ್ತದೆ. ಮನೆಯ ಕರಾರು ಸಾಮಾನ್ಯವಾಗಿ ವರ್ಷಕ್ಕೆ ಆಗುತ್ತದೆ. ಮಧ್ಯದಲ್ಲಿ ಬಿಟ್ಟು ಹೋಗುವುದು ಸುಲಭವಲ್ಲ, ಪೂರ್ತಿ ಓದಿ ಸಹಿ ಮಾಡು. ಮೊದಲ ವರ್ಷ ಕಾರು ಬೇಡ. ದಿನಸಿಗೆ ಪಕ್ಕದ ಊರುಗಳಾದ ಕೇರಿ, ಮೋರಿಸ್‌ವಿಲ್ ಕಡೆ ಬರಬೇಕು, ನಾಲ್ಕು ಜನ ಸೇರಿ ಬನ್ನಿ. ಜೋಳದ ಹಿಟ್ಟು ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ಊರಿಂದ ಹೊತ್ತು ತರಬೇಡ. ಆಗಸ್ಟ್‌ನಲ್ಲಿ ಸೆಕೆ ಮಂಗಳೂರಿನ ಹಾಗೆ ಇರುತ್ತದೆ. ಮಾರ್ಚ್ ಕೊನೆಗೆ ಪೈನ್ ಮರದ ಹಳದಿ ಪರಾಗ ಕಾರು, ಕಿಟಕಿ, ಮೂಗು ಎಲ್ಲದರ ಮೇಲೂ ಕೂರುತ್ತದೆ. ಕೆಲಸ ಅಂದರೆ ಕ್ಯಾಂಪಸ್ ಒಳಗೆ ಮಾತ್ರ, ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ. ಹೊರಗೆ ಕದ್ದುಮುಚ್ಚಿ ದುಡಿಯಲು ಹೋಗಬೇಡ, ವೀಸಾ ಹೋಗುತ್ತದೆ. ಇಲ್ಲಿ ಸಾಲದ ಚರಿತ್ರೆ ಇಲ್ಲದವನನ್ನು ಯಾರೂ ನಂಬುವುದಿಲ್ಲ. ಸಣ್ಣದೊಂದು ಕ್ರೆಡಿಟ್ ಕಾರ್ಡ್ ತೆಗೆದುಕೊಂಡು ತಿಂಗಳು ತಿಂಗಳು ಪೂರ್ತಿ ತೀರಿಸುತ್ತಾ ಹೋಗು.

ಈಗ ನಿನ್ನ ಕೊನೆಯ ಮಾತಿಗೆ ಬರುತ್ತೇನೆ.

ನಿನ್ನ ಕ್ಯಾಂಪಸ್‌ನಲ್ಲಿ ಪೋಲ್ಕ್ ಹಾಲ್ ಅಂತ ಒಂದು ಹಳೇ ಕಟ್ಟಡ ಇದೆ. ಇಲ್ಲಿನವರು 'ಪೋಕ್' ಅನ್ನುತ್ತಾರೆ. ಪಶುವಿಜ್ಞಾನದವರು ಅಲ್ಲಿದ್ದಾರೆ. ಸಾವಿರಾರು ಹುಡುಗರು ಅದರ ಮುಂದೆ ಓಡಾಡುತ್ತಾರೆ, ಪೋಲ್ಕ್ ಯಾರು ಅಂತ ಹತ್ತು ಜನರಿಗೂ ಗೊತ್ತಿರಲಿಕ್ಕಿಲ್ಲ. ಅಮೆರಿಕದ ಅಧ್ಯಕ್ಷನಾಗಿದ್ದ ಜೇಮ್ಸ್ ಪೋಲ್ಕ್ ಇರಬೇಕು ಅಂದುಕೊಳ್ಳುತ್ತಾರೆ. ಅವನಲ್ಲ. ಇವನು ಅವನ ದೂರದ ನೆಂಟ, ಲಿಯೊನಿಡಾಸ್ ಲಫಾಯೆಟ್ ಪೋಲ್ಕ್. ಹತ್ತಿ ಬೆಳೆಯುತ್ತಿದ್ದವನು. 23ನೇ ವಯಸ್ಸಿಗೆ ಈ ರಾಜ್ಯದ ಶಾಸಕನಾದ. ನೀನು ಸೇರುವ ಕಾಲೇಜು ಹುಟ್ಟುವುದಕ್ಕೆ ಅತಿ ಜಾಸ್ತಿ ಜಗಳ ಮಾಡಿದವರಲ್ಲಿ ಒಬ್ಬ.

ಹುಟ್ಟಿದ್ದು 1837ರಲ್ಲಿ, ಆನ್ಸನ್ ಕೌಂಟಿಯಲ್ಲಿ. ಅದು ಶಾರ್ಲೆಟ್ ಊರಿನ ಆಗ್ನೇಯಕ್ಕೆ, ದಕ್ಷಿಣ ಕ್ಯಾರೊಲೈನಾ ಗಡಿಗೆ ತಾಗಿಕೊಂಡು ಇದೆ. ಅಲ್ಲಿನ ಮಣ್ಣು ನೋಡಿದರೆ ನಿನಗೆ ಊರು ನೆನಪಾಗುತ್ತದೆ. ನಿಮ್ಮ ಎರೆಮಣ್ಣಲ್ಲ, ರಾಣೇಬೆನ್ನೂರು ಕಡೆಯ ನಮ್ಮ ಕೆಂಪು ಮಸಾರಿ. ಹುಡುಗ ಹದಿನೈದು ತುಂಬುವ ಹೊತ್ತಿಗೆಲ್ಲ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಡೇವಿಡ್‌ಸನ್ ಕಾಲೇಜಿಗೆ ಒಂದು ವರ್ಷ ಹೋಗಿಬಂದ, ಬಿಟ್ಟ. ಮದುವೆ ಮಾಡಿಕೊಂಡು ಹೊಲಕ್ಕಿಳಿದ. ಹೊಲಕ್ಕಿಳಿದ ಅಂದರೆ ತಾನೇ ನೇಗಿಲು ಹಿಡಿದ ಅಂತ ತಿಳಿಯಬೇಡ. ಅಪ್ಪನ ಜಮೀನಿನ ಜೊತೆಗೆ ಗುಲಾಮರೂ ಪಾಲಿಗೆ ಬಂದಿದ್ದರು. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಮುಂದೆ ಮತ್ತೆ ಇದೇ ವಿಷಯಕ್ಕೆ ಬರಬೇಕಾಗುತ್ತದೆ.

1860ರಲ್ಲಿ ಶಾಸನಸಭೆಗೆ ಗೆದ್ದ. ಆಗ ಕೆಳಮನೆಗೆ ಇಲ್ಲಿ ಹೌಸ್ ಆಫ್ ಕಾಮನ್ಸ್ ಅಂತಲೇ ಹೆಸರು. ಅದು ಸೇರುತ್ತಿದ್ದ ಕ್ಯಾಪಿಟಲ್ ಕಟ್ಟಡ ರಾಲಿ ಪೇಟೆಯ ನಟ್ಟನಡುವೆ ಇವತ್ತೂ ಇದೆ. 1840ರಲ್ಲಿ ಮುಗಿದ ಕಲ್ಲಿನ ಕಟ್ಟಡ, 1963ರವರೆಗೂ ಶಾಸಕರು ಅಲ್ಲೇ ಕೂರುತ್ತಿದ್ದರು. ಒಳಗೆ ಹೋಗುವುದಕ್ಕೆ ದುಡ್ಡಿಲ್ಲ. ಒಂದು ಶನಿವಾರ ಹೋಗಿ ನೋಡು. ಮೆಟ್ಟಿಲುಗಳ ಅಂಚು ಅಲ್ಲಲ್ಲಿ ಒಡೆದಿದೆ. ಮೇಲಿನ ಕೋಣೆಗಳ ಒಲೆಗೆ ಸೌದೆ ಬಂಡಿ ಎಳೆದುಕೊಂಡು ಹೋಗಿ ಒಡೆಯಿತು ಅಂತ ಕೆಲವರು, ವಿಸ್ಕಿ ಪೀಪಾಯಿ ಉರುಳಿಸಿ ಒಡೆಯಿತು ಅಂತ ಕೆಲವರು. ಶಾಸಕರ ವಿಷಯ ಅಲ್ವಾ, ಜನ ನಂಬುವುದು ಎರಡನೆಯದನ್ನೇ.

ಆಗ ಗುಲಾಮಗಿರಿಯ ಜಗಳಕ್ಕೆ ದಕ್ಷಿಣದ ರಾಜ್ಯಗಳು ದೇಶ ಬಿಟ್ಟು ಬೇರೆಯಾಗಲು ಹೊರಟಿದ್ದವು. ಪೋಲ್ಕ್ ಗೆದ್ದಿದ್ದು ದೇಶ ಒಡೆಯಬಾರದು ಅನ್ನುವವರ ಕಡೆಯಿಂದ. ಆದರೆ 1861ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಕೋಟೆ ಫೋರ್ಟ್ ಸಮ್ಟರ್ ಮೇಲೆ ದಕ್ಷಿಣದವರ ಗುಂಡು ಹಾರಿತು, ಅಧ್ಯಕ್ಷ ಲಿಂಕನ್ ಸೈನ್ಯ ಕೇಳಿದ. ಆಮೇಲೆ ಇಲ್ಲಿ ಮಧ್ಯದಲ್ಲಿ ನಿಲ್ಲುವವರಿಗೆ ಜಾಗವೇ ಉಳಿಯಲಿಲ್ಲ. ಮೇ 20ಕ್ಕೆ ನಾರ್ತ್ ಕ್ಯಾರೊಲೈನಾ ಒಕ್ಕೂಟ ಬಿಟ್ಟಿತು. ಪೋಲ್ಕ್ ದಕ್ಷಿಣದ ಸೈನ್ಯ ಸೇರಿದ. ಗೆಟಿಸ್‌ಬರ್ಗ್‌ನಲ್ಲಿ ಗಾಯಗೊಂಡ. 1864ರಲ್ಲಿ ಸೈನ್ಯದಲ್ಲಿದ್ದುಕೊಂಡೇ ಮತ್ತೆ ಶಾಸಕನಾಗಿ ಆರಿಸಿ ಬಂದ. ಅದೇ ವರ್ಷ ಶತ್ರುವಿನೆದುರು ಸರಿಯಾಗಿ ನಡೆದುಕೊಳ್ಳಲಿಲ್ಲ ಅಂತ ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಖುಲಾಸೆಯಾಯಿತು.

ಯುದ್ಧ ಮುಗಿಸಿ ಊರಿಗೆ ಬಂದಾಗ ದಕ್ಷಿಣದಲ್ಲಿ ದುಡ್ಡು ಅನ್ನುವುದೇ ಇರಲಿಲ್ಲ. ಗುಲಾಮಗಿರಿ ಹೋಗಿತ್ತು. ಬಿಡುಗಡೆಯಾದ ಕರಿಯರ ಹತ್ತಿರ ಜಮೀನಿಲ್ಲ, ಜಮೀನಿದ್ದ ಬಿಳಿಯರ ಹತ್ತಿರ ರೊಕ್ಕವಿಲ್ಲ. ಪಾಲಿಗೆ ಹೊಲ ಮಾಡುವುದು ಶುರುವಾಯಿತು. ಬೀಜ, ಗೊಬ್ಬರ, ಹಿಟ್ಟು, ಬಟ್ಟೆ ಎಲ್ಲ ಅಂಗಡಿಯವನಿಂದ ಉದ್ರಿ. ಅದಕ್ಕೆ ಇನ್ನೂ ಮೊಳಕೆ ಒಡೆಯದ ಹತ್ತಿಯೇ ಅಡವು. ಅಂಗಡಿಯಲ್ಲಿ ಒಂದೇ ಸಾಮಾನಿಗೆ ಎರಡು ದರ. ನಗದಿಗೊಂದು, ಉದ್ರಿಗೊಂದು. ಹತ್ತಿ ಬಿಟ್ಟು ಬೇರೆ ಬೆಳೆ ಹಾಕಿದರೆ ಅಂಗಡಿಯವನು ಸಾಲ ಕೊಡುತ್ತಿರಲಿಲ್ಲ. ಎಲ್ಲರೂ ಹತ್ತಿಯನ್ನೇ ಹಾಕಿದರು, ದರ ವರ್ಷ ವರ್ಷ ಇಳಿಯಿತು. ಅಡತಿ ಅಂಗಡಿಯ ಲೆಕ್ಕದ ಪುಸ್ತಕ ನಿನಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಪೋಲ್ಕ್‌ನ ನಸೀಬಿಗೆ 1870ರ ದಶಕದಲ್ಲಿ ರೈಲು ದಾರಿ ಅವನ ಜಮೀನಿನ ಮೇಲೇ ಬಂತು. ಹೊಲವನ್ನು ಸೈಟು ಮಾಡಿ ಊರು ಕಟ್ಟಿದ. ಪೋಲ್ಕ್‌ಟನ್ ಅಂತ ಆ ಊರು ಈಗಲೂ ಇದೆ. ಪತ್ರಿಕೆಯೊಂದನ್ನೂ ನಡೆಸಿದ. ಬೈಪಾಸ್ ಬಂತು ಅಂದಕೂಡಲೇ ಹೊಲಕ್ಕೆ ಕಲ್ಲು ನೆಡಿಸುವ ನಮ್ಮವರನ್ನು ನೋಡಿದವಳಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣುವುದಿಲ್ಲ. ಆದರೆ ಇವನು ಸೈಟು ಮಾರಿ ಸುಮ್ನೆ ಕೂರಲಿಲ್ಲ. ರಾಜ್ಯಕ್ಕೆ ಒಂದು ಕೃಷಿ ಇಲಾಖೆ ಬೇಕು ಅಂತ ಹಿಂದೆ ಬಿದ್ದ. 1877ರಲ್ಲಿ ಶಾಸನಸಭೆ ಇಲಾಖೆ ಮಾಡಿತು. ಅದರ ಮೊದಲ ಕಮಿಷನರ್ ಇವನೇ.

ಆ ಇಲಾಖೆ ಕೈ ಹಾಕಿದ ಕೆಲಸಗಳಲ್ಲಿ ದೊಡ್ಡದು ಗೊಬ್ಬರದ್ದು. ರೈತರು ಸಾಲ ಮಾಡಿ ಚೀಲ ಚೀಲ ಗೊಬ್ಬರ ಕೊಳ್ಳುತ್ತಿದ್ದರು, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮಣ್ಣು ಮರಳು ಬೆರೆಸಿ ಮಾರುವವರೂ ಇದ್ದರು. ಹಾಗಾಗಿ ಗೊಬ್ಬರ ಮಾರುವ ಕಂಪನಿಗಳ ಮೇಲೆ ತೆರಿಗೆ ಹಾಕಿದರು. ಆ ದುಡ್ಡಿನಲ್ಲಿ ಇಲಾಖೆಯೂ ನಡೆಯಿತು, ಗೊಬ್ಬರ ಪರೀಕ್ಷೆಗೆ ಪ್ರಯೋಗ ಕೇಂದ್ರವೂ ಆಯಿತು. ಮೋಸ ಮಾಡುವವನ ದುಡ್ಡಿನಲ್ಲೇ ಮೋಸ ಹಿಡಿಯುವ ಏರ್ಪಾಡು. ನನಗೆ ಇದು ಬಹಳ ಇಷ್ಟವಾಯಿತು. 2008ರಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿದ ಊರಿನವನು ನೀನು. ಒಂದು ಚೀಲ ಗೊಬ್ಬರಕ್ಕೆ ಎಷ್ಟು ಬೆಲೆ ಅಂತ ನಿನಗೇ ಚೆನ್ನಾಗಿ ಗೊತ್ತು.

1880ರಲ್ಲಿ ಆ ಕೆಲಸ ಬಿಟ್ಟ. ಆಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ತಿರುಗಿದ. ಗಂಟಲಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ, 'ಪೋಲ್ಕ್‌ನ ಔಷಧಿ' ಅಂತ ಒಂದು ಬಾಟಲಿ ಮಾರುತ್ತಿದ್ದ! ಆ ರೋಗಕ್ಕೆ ನಿಜವಾದ ಮದ್ದು ಬಂದಿದ್ದು 1890ರ ದಶಕದಲ್ಲಿ. ಅದಕ್ಕೂ ಮೊದಲಿನ ಈ ಬಾಟಲಿಯಲ್ಲಿ ಏನಿತ್ತು ಅಂತ ಯಾರೂ ಪರೀಕ್ಷೆಗೆ ಕಳಿಸಲಿಲ್ಲ ಅಂತ ಕಾಣುತ್ತದೆ. ಗೊಬ್ಬರದ ಚೀಲ ಬಿಚ್ಚಿಸಿ ನೋಡಿದ ಮನುಷ್ಯ ಹೀಗೆ ಮಾಡಬಹುದಾ ಅಂತ ಕೇಳುತ್ತೀಯೇನೋ. ನನಗೂ ಹಾಗೇ ಅನ್ನಿಸುತ್ತದೆ. ಸಾಧು ಸಂತನ ಕಥೆ ಇದಲ್ಲ.

1886ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಊರಲ್ಲಿ 'ಪ್ರೋಗ್ರೆಸಿವ್ ಫಾರ್ಮರ್' ಅಂತ ವಾರಪತ್ರಿಕೆ ಶುರು ಮಾಡಿದ. ಆಮೇಲೆ ಅದನ್ನು ರಾಲಿಗೆ ತಂದ. ನಿನ್ನ ಕಾಲೇಜಿನ ಜಗಳ ಅಲ್ಲಿಂದ ಕಾವೇರುತ್ತದೆ, ಸ್ವಲ್ಪ ಗಮನ ಕೊಟ್ಟು ಕೇಳು.

1862ರಲ್ಲಿ ಅಮೆರಿಕದ ಸರ್ಕಾರ ಮೋರಿಲ್ ಕಾಯ್ದೆ ಮಾಡಿತು. ರಾಜ್ಯಗಳಿಗೆ ಜಮೀನಿನ ಹಕ್ಕುಪತ್ರ ಕೊಡುವುದು, ಅದನ್ನು ಮಾರಿದ ದುಡ್ಡಿನಲ್ಲಿ ರಾಜ್ಯಗಳು ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸುವುದು. ನಾರ್ತ್ ಕ್ಯಾರೊಲೈನಾ ಪಾಲಿಗೆ 2,70,000 ಎಕರೆ ಬಂತು. ಮಾರಿದಾಗ ಸಿಕ್ಕಿದ್ದು 1,25,000 ಡಾಲರ್. ಎಕರೆಗೆ ಅರ್ಧ ಡಾಲರೂ ಬೀಳಲಿಲ್ಲ. ಅದರ ಬಡ್ಡಿ ವರ್ಷಕ್ಕೆ 7,500 ಡಾಲರ್ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯಕ್ಕೆ ಹೋಗುತ್ತಿತ್ತು. ಅಲ್ಲಿ ಲ್ಯಾಟಿನ್, ಗ್ರೀಕ್ ಜೋರಾಗಿ ನಡೆಯುತ್ತಿತ್ತು. ಕೃಷಿ ಹೆಸರಿಗೆ ಮಾತ್ರ. ರೈತರ ಹೆಸರಲ್ಲಿ ಬಂದ ದುಡ್ಡನ್ನು ವಕೀಲರ ಮಕ್ಕಳು ತಿನ್ನುತ್ತಿದ್ದಾರೆ, ನಮ್ಮ ದುಡ್ಡು ನಮಗೆ ಕೊಡಿ, ಬೇರೆ ಕಾಲೇಜು ಮಾಡುತ್ತೇವೆ: ಇದು ಪೋಲ್ಕ್‌ನ ವಾದ. ವಾರ ವಾರ ಬರೆದ. ಊರೂರು ಸುತ್ತಿ ರೈತರ ಕ್ಲಬ್ ಕಟ್ಟಿದ.

ರಾಲಿಯಲ್ಲಿ ಆಗಲೇ ವಾಟಾಗಾ ಕ್ಲಬ್ ಅಂತ ಓದಿದ ಹುಡುಗರ ಗುಂಪೊಂದು ಕೈಗಾರಿಕಾ ಶಾಲೆ ಬೇಕು ಅಂತ ಕೇಳುತ್ತಿತ್ತು. ಪೇಟೆಯ ಹುಡುಗರ ಬೇಡಿಕೆ, ಹಳ್ಳಿಯವರ ಬೇಡಿಕೆ ಎರಡೂ ಒಂದಾದವು. 1887ರ ಜನವರಿಯಲ್ಲಿ ರೈತರು ರಾಲಿಯಲ್ಲಿ ದೊಡ್ಡ ಸಭೆ ಮಾಡಿದರು. ಮಾರ್ಚ್ 7ಕ್ಕೆ ಕಾಯ್ದೆ ಪಾಸಾಯಿತು. ಚಾಪೆಲ್ ಹಿಲ್‌ಗೆ ಹೋಗುತ್ತಿದ್ದ ದುಡ್ಡು ಹೊಸ ಕಾಲೇಜಿಗೆ ತಿರುಗಿತು. 1889ರ ಅಕ್ಟೋಬರ್‌ನಲ್ಲಿ 72 ಹುಡುಗರೊಂದಿಗೆ ಬಾಗಿಲು ತೆರೆದಾಗ ಇದ್ದಿದ್ದು ಒಂದೇ ಕಟ್ಟಡ. ಅದರ ಇಟ್ಟಿಗೆ ಬಂದಿದ್ದು ರಾಜ್ಯದ ಜೈಲಿನಿಂದ. ಹಾಲಡೇ ಹಾಲ್ ಅಂತ ಹಿಲ್ಸ್‌ಬರೋ ಬೀದಿಯ ಕಡೆ ಇದೆ, ಮುಟ್ಟಿ ನೋಡು. ಎರಡು ಕಾಲೇಜಿನ ಹುಡುಗರು ಇವತ್ತಿಗೂ ಬಾಸ್ಕೆಟ್‌ಬಾಲ್ ಆಡುವಾಗ ಹಾವು ಮುಂಗುಸಿ ಹಾಗೆ ಕಿತ್ತಾಡುತ್ತಾರೆ. ಚಾಪೆಲ್ ಹಿಲ್‌ನವರು ನಿಮ್ಮವರನ್ನು 'ದನದ ಕಾಲೇಜು' ಅಂತ ಆಡಿಕೊಳ್ಳುತ್ತಾರೆ. ನಿಮ್ಮವರು ಅದನ್ನೇ ಹೆಮ್ಮೆ ಮಾಡಿಕೊಂಡಿದ್ದಾರೆ. ಯೂನಿವರ್ಸಿಟಿಯ ಸ್ವಂತ ಡೈರಿಯ ಐಸ್‌ಕ್ರೀಮಿನ ಹೆಸರೇ 'ಹೌಲಿಂಗ್ ಕೌ'. ಚೆನ್ನಾಗಿರುತ್ತದೆ, ತಿನ್ನು.

ನಿನಗೆ ಇನ್ನೊಂದು ನಂಟೂ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು 1960ರ ದಶಕದಲ್ಲಿ ಕಟ್ಟುವಾಗ ಇದೇ ಅಮೆರಿಕನ್ ಮಾದರಿ ಇಟ್ಟುಕೊಂಡಿದ್ದರು. ಟೆನೆಸಿ ವಿಶ್ವವಿದ್ಯಾಲಯದವರು ಬಂದು ನೆರವಾಗಿದ್ದರು. ಪಾಠ, ಸಂಶೋಧನೆ, ಹಳ್ಳಿಗೆ ಹೋಗಿ ವಿಸ್ತರಣೆ, ಮೂರೂ ಒಂದೇ ಸೂರಿನಡಿ. ನಿನ್ನ ಧಾರವಾಡ ಆಮೇಲೆ ಅದರಿಂದ ಬೇರೆಯಾದದ್ದು. ಅಂದರೆ ನೀನು ಪೂರ್ತಿ ಪರಕೀಯ ಜಾಗಕ್ಕೆ ಬರುತ್ತಿಲ್ಲ.

ಪೋಲ್ಕ್ ಅಷ್ಟಕ್ಕೇ ನಿಲ್ಲಲಿಲ್ಲ. 1887ರಲ್ಲಿ ಫಾರ್ಮರ್ಸ್ ಅಲಯನ್ಸ್ ಅನ್ನುವ ರೈತ ಸಂಘ ಸೇರಿದ, 1889ರ ಕೊನೆಗೆ ಇಡೀ ದೇಶಕ್ಕೆ ಅದರ ಅಧ್ಯಕ್ಷನಾದ. ರೈಲು ಕಂಪನಿ ಮೆರೆಯುತ್ತಿದೆ, ಬ್ಯಾಂಕು ಮೆರೆಯುತ್ತಿದೆ, ಗಿರಣಿ ಮೆರೆಯುತ್ತಿದೆ, ಬೇಸಾಯ ಒಂದೇ ಯಾಕೆ ಸೊರಗುತ್ತಿದೆ ಅಂತ ಪತ್ರಿಕೆಯಲ್ಲಿ ಕೇಳಿದ್ದ. ಆ ಕಾಲದ ಒಂದು ಜಗಳ ಹೇಳಲೇಬೇಕು. ಹತ್ತಿ ಅಂಡಿಗೆ ಸುತ್ತಲು ಸೆಣಬಿನ ತಟ್ಟು ಬೇಕಲ್ಲ, ಆ ಸೆಣಬು ಬರುತ್ತಿದ್ದುದು ನಮ್ಮ ಬಂಗಾಳದಿಂದ. 1888ರಲ್ಲಿ ತಟ್ಟಿನ ವ್ಯಾಪಾರಿಗಳೆಲ್ಲ ಒಂದಾಗಿ ಬೆಲೆ ಏರಿಸಿಬಿಟ್ಟರು. ಅಲಯನ್ಸ್‌ನವರು ಸೆಣಬೇ ಬೇಡ, ಹತ್ತಿ ಬಟ್ಟೆಯಲ್ಲೇ ಹತ್ತಿ ಸುತ್ತುತ್ತೇವೆ ಅಂತ ಹಠ ಹಿಡಿದರು. ಅಟ್ಲಾಂಟಾದ ವಸ್ತುಪ್ರದರ್ಶನದಲ್ಲಿ ಅಂಡಿಗೆ ಸುತ್ತುವ ಹತ್ತಿ ಬಟ್ಟೆಯಲ್ಲೇ ಉಡುಪು ಹೊಲಿಸಿಕೊಂಡು ಎರಡು ಜೋಡಿ ಮದುವೆಯಾದವು. ವ್ಯಾಪಾರಿಗಳು ಬಗ್ಗಿದರು.

ಅಲಯನ್ಸ್‌ನ ದೊಡ್ಡ ಬೇಡಿಕೆ ಮಾತ್ರ ಈಡೇರಲಿಲ್ಲ. ಸರ್ಕಾರ ಉಗ್ರಾಣ ಕಟ್ಟಬೇಕು, ಸುಗ್ಗಿಯಲ್ಲಿ ದರ ಬಿದ್ದಾಗ ರೈತ ಮಾಲು ಅಲ್ಲಿಟ್ಟು ಅದರ ಬೆಲೆಯ 80% ಸಾಲ ಅಲ್ಪ ಬಡ್ಡಿಗೆ ಪಡೆಯಬೇಕು, ದರ ಬಂದಾಗ ಮಾರಬೇಕು. ನಿಮ್ಮ ಎಪಿಎಂಸಿಯ ಅಡಮಾನ ಸಾಲ ಗೊತ್ತಲ್ಲ, ಹೆಚ್ಚು ಕಡಿಮೆ ಅದೇ. ಆಗ ವಾಷಿಂಗ್ಟನ್‌ನಲ್ಲಿ ಹುಚ್ಚು ಅಂತ ನಕ್ಕರು.

1891ರಲ್ಲಿ ನಾರ್ತ್ ಕ್ಯಾರೊಲೈನಾ ಶಾಸನಸಭೆಯಲ್ಲಿ ರೈತರದೇ ಮೇಲುಗೈ. ರೈಲು ದರ ನೋಡಿಕೊಳ್ಳಲು ಆಯೋಗ ಮಾಡಿದರು. ಹೆಣ್ಣುಮಕ್ಕಳಿಗೆ ಗ್ರೀನ್ಸ್‌ಬರೋದಲ್ಲಿ ಕಾಲೇಜು ಮಾಡಿದರು. ಅದೇ ವರ್ಷ ಕರಿಯರಿಗೆ ಅಂತ ಬೇರೆಯದೇ ಕೃಷಿ ಕಾಲೇಜು ಮಂಜೂರಾಯಿತು. ಯಾಕೆ ಬೇರೆ? ಪೋಲ್ಕ್ ಜಗಳ ಮಾಡಿ ತಂದ ಕಾಲೇಜಿಗೆ ಅವರ ಮಕ್ಕಳನ್ನು ಸೇರಿಸುವ ಹಾಗಿರಲಿಲ್ಲ. ಅಲಯನ್ಸ್‌ನಲ್ಲೂ ಅವರಿಗೆ ಜಾಗವಿರಲಿಲ್ಲ, ಅವರದೇ ಬೇರೆ ಸಂಘ. ಹೊಲದಲ್ಲಿ ಬೆವರು ಸುರಿಸುತ್ತಿದ್ದವರಲ್ಲಿ ಅವರು ಎಷ್ಟು ಜನ ಇದ್ದರು, ಅಂಗಡಿಯ ಉದ್ರಿಯಲ್ಲಿ ಅವರೇ ಎಷ್ಟು ಜಾಸ್ತಿ ಮುಳುಗಿದ್ದರು. ಅದು ಪೋಲ್ಕ್‌ಗೆ ಕಾಣದ ವಿಷಯವೇನಲ್ಲ. ನಿನ್ನ ಕಾಲೇಜಿನಲ್ಲಿ ಮೊದಲ ಕರಿಯ ಪದವಿ ವಿದ್ಯಾರ್ಥಿಗಳು ಕಾಲಿಟ್ಟಿದ್ದು 1956ರಲ್ಲಿ. ಊರಲ್ಲಿ ಯಾರ ಹೊಲ, ಯಾರ ಕೂಲಿ, ಯಾರ ಓಣಿ ಅಂತ ನೋಡಿ ಬೆಳೆದವರು ನಾವು. ಇದನ್ನು ಓದಿ ಅಮೆರಿಕದವರು ಹೀಗೆ ಅಂತ ಮೂಗು ಮುರಿಯುವ ಹಕ್ಕು ನಮಗೆ ಅಷ್ಟಾಗಿ ಇಲ್ಲ.

ಅವನ ಕೊನೆ ದಿಢೀರಂತ ಬಂತು. ರೈತರು ಎರಡೂ ಪಕ್ಷ ಬಿಟ್ಟು ಮೂರನೆಯ ಪಕ್ಷ ಕಟ್ಟಲು ಹೊರಟಿದ್ದರು. ದಕ್ಷಿಣದ ಹಳೇ ಸೈನಿಕನಾದ ಇವನು ಕಾನ್ಸಸ್‌ಗೆ ಹೋಗಿ ಉತ್ತರದ ರೈತರ ಮುಂದೆ ಭಾಷಣ ಮಾಡಿ ಬಂದಿದ್ದ. 1892ರ ಜುಲೈನಲ್ಲಿ ಓಮಹಾದಲ್ಲಿ ಸಮಾವೇಶ, ಅಧ್ಯಕ್ಷ ಚುನಾವಣೆಗೆ ಇವನೇ ಅಭ್ಯರ್ಥಿ ಅಂತ ಬಹಳ ಜನ ಅಂದುಕೊಂಡಿದ್ದರು. ಜೂನ್ 11ಕ್ಕೆ ವಾಷಿಂಗ್ಟನ್‌ನಲ್ಲಿ ತೀರಿಹೋದ. 55 ವರ್ಷ. ಅವನ ಬದಲಿಗೆ ಜೇಮ್ಸ್ ವೀವರ್ ನಿಂತು ಹತ್ತು ಲಕ್ಷಕ್ಕೂ ಮೇಲೆ ಮತ ತಗೊಂಡ. ಸೋತ. ಪೋಲ್ಕ್‌ನ ಸಮಾಧಿ ರಾಲಿಯ ಓಕ್‌ವುಡ್ ಸ್ಮಶಾನದಲ್ಲಿದೆ.

ಈಗ ನೇರವಾಗಿ ಹೇಳುತ್ತೇನೆ. ಅಪ್ಪ ರೈತ ಅಂತ ಹೇಳಿಕೊಳ್ಳಬಹುದಾ ಅಂದರೆ, ಮೊದಲ ದಿನವೇ ಹೇಳು. ನಿನ್ನ ವಿಭಾಗದಲ್ಲಿ ಅದಕ್ಕೆ ಬೆಲೆ ಇದೆ. ಈ ರಾಜ್ಯದ 100 ಕೌಂಟಿಗಳಲ್ಲೂ ಯೂನಿವರ್ಸಿಟಿಯ ವಿಸ್ತರಣಾ ಕಚೇರಿ ಇದೆ, ಪ್ರೊಫೆಸರ್‌ಗಳಿಗೆ ದಿನಾ ರೈತರ ಫೋನು ಬರುತ್ತದೆ. ಎಲೆ ನೋಡಿ ಬೂದಿರೋಗವೋ ಗೊಬ್ಬರದ ಕೊರತೆಯೋ ಅಂತ ಹೇಳುವವನನ್ನು ಅವರು ಬಿಟ್ಟುಕೊಡುವುದಿಲ್ಲ. ಇಲ್ಲಿ ಸಿಹಿಗೆಣಸು ದೇಶಕ್ಕೇ ಜಾಸ್ತಿ ಬೆಳೆಯುತ್ತಾರೆ, ಹತ್ತಿ, ಶೇಂಗಾ, ತಂಬಾಕು ಎಲ್ಲ ಇದೆ. ಜೋಳ ಮಾತ್ರ ಇಲ್ಲಿನವರಿಗೆ ದನದ ಮೇವು. ನೀನು ರೊಟ್ಟಿ ತಿನ್ನುತ್ತೀನಿ ಅಂದರೆ ಕುತೂಹಲದಿಂದ ಹತ್ತು ಪ್ರಶ್ನೆ ಕೇಳುತ್ತಾರೆ. ಹಳ್ಳಿಯವನು ಅಂತ ಕೀಳಾಗಿ ನೋಡಿದರೆ ನಮ್ಮವರೇ ನೋಡಬೇಕು. ಕೆಲವರು ನೋಡುತ್ತಾರೆ ಕೂಡ, ಕೇರಿಯ ಪಾರ್ಟಿಗಳಲ್ಲಿ. ಅಲ್ಲಿ ಊಟ ಚೆನ್ನಾಗಿರುತ್ತದೆ, ಊಟ ಮಾಡಿಕೊಂಡು ಎದ್ದು ಬಾ.

ಕೊನೆಗೆ ಒಂದು ಎಚ್ಚರಿಕೆ. ಅಪ್ಪ ಪ್ರೀತಿಯಿಂದ ಬ್ಯಾಡಗಿ ಮೆಣಸಿನಕಾಯಿ ಬೀಜ, ಹತ್ತಿ ಬೀಜ ಕಟ್ಟಿಕೊಟ್ಟರೆ ತರಬೇಡ. ಪರವಾನಗಿ ಇಲ್ಲದೆ ಬೀಜ, ಮಣ್ಣು ಒಳಗೆ ಬಿಡುವುದಿಲ್ಲ. ಹೊಲಕ್ಕೆ ಹಾಕಿದ ಬೂಟು ತರುವುದಾದರೆ ಚೆನ್ನಾಗಿ ಉಜ್ಜಿ ತೊಳೆದು ಒಣಗಿಸಿ ತಾ. ವಿಮಾನ ಇಳಿದ ಮೇಲೆ, ಇತ್ತೀಚೆಗೆ ಹೊಲಕ್ಕೆ ಹೋಗಿದ್ದೆಯಾ ಅಂತ ಕೇಳುತ್ತಾರೆ. ಹೌದು ಅಂತಲೇ ಹೇಳು, ಬೂಟು ತೋರಿಸು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ದಂಡ ಹಾಕುತ್ತಾರೆ. ವೀಸಾಕ್ಕೆ ಯೂನಿವರ್ಸಿಟಿ ಕಳಿಸಿದ ಐ-20 ಕಾಗದ ದೊಡ್ಡ ಸೂಟ್‌ಕೇಸಿನಲ್ಲಿ ಹಾಕಬೇಡ, ಕೈಚೀಲದಲ್ಲೇ ಇಟ್ಟುಕೋ. ಟಿಕೆಟ್ ಆದಮೇಲೆ ತಾರೀಕು ತಿಳಿಸು, ಏರ್‌ಪೋರ್ಟಿಗೆ ಯಾರಾದರೂ ಬರುತ್ತೇವೆ.